ಶುಂಠಿ ಬಿಯರೋ, ಕೊಂಬುಚಾವೋ: ಮಲೆನಾಡಿನ ಮನೆಗೆ ಹೊಂದುವ ಹುದುಗು ಪಾನೀಯದ ಏರ್ಪಾಡು

ಮನೆಯಲ್ಲಿಯೇ ಬಿಯರ್ ತಯಾರಿಸುವ ಹವ್ಯಾಸದ ಬಗ್ಗೆ ಓದಿಯೋ, ಹೊರದೇಶದಲ್ಲಿರುವ ಮಕ್ಕಳ ಮನೆಯಲ್ಲಿ ಅದರ ಸಲಕರಣೆಗಳನ್ನು ನೋಡಿಯೋ, ನಮ್ಮಲ್ಲಿಯೂ ಇದನ್ನು ಮಾಡಬಹುದೇ ಎಂದು ಕೇಳುವವರು ಶಿವಮೊಗ್ಗ, ಸಾಗರ, ತೀರ್ಥಹಳ್ಳಿಗಳ ಕಡೆ ಈಗ ಸಿಗುತ್ತಾರೆ. ಪಾತ್ರೆ, ಬಾಟಲಿಗಳ ಮಾತಿಗೆ ಹೋಗುವ ಮೊದಲೇ ಅವರಿಗೆ ಒಂದು ವಿಷಯವನ್ನು ಹೇಳಿಬಿಡುವುದು ಒಳ್ಳೆಯದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಆ ಕಾಯ್ದೆಯ ಕಣ್ಣಿಗೆ ಮದ್ಯವೇ. ನಾವು ಮಾರುವುದಿಲ್ಲ, ಮನೆಯವರೇ ಕುಡಿಯುತ್ತೇವೆ ಎಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಮನೆಬಳಕೆಯ ಬಿಯರಿಗೆ ಬೇಕಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಲಾಯಿತು. ಅಮೆರಿಕದಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಆ ಹವ್ಯಾಸಕ್ಕೆ ಒಕ್ಕೂಟದ ಮಟ್ಟದಲ್ಲಿ ದಾರಿ ತೆರೆಯಿತು. ನಾವು ನೋಡುವ ವಿಡಿಯೊಗಳೂ ಸಲಕರಣೆಗಳ ಪಟ್ಟಿಗಳೂ ಬಹುಪಾಲು ಆ ದೇಶಗಳಿಂದ ಬಂದವು. ಅಲ್ಲಿನ ಕಾನೂನು ಅವುಗಳ ಜೊತೆಗೆ ಇಲ್ಲಿಗೆ ಬಂದಿಲ್ಲ.

ಹಾಗೆಂದು ಹವ್ಯಾಸವನ್ನೇ ಕೈಬಿಡಬೇಕಾಗಿಲ್ಲ. ಬಾರ್ಲಿಯ ಮಾಲ್ಟು, ಹಾಪ್ಸ್ ಹೂವು, ಮೂವತ್ತು ಲೀಟರಿನ ಕಡಾಯಿ, ಕುದಿಸಿದ ರಸವನ್ನು ಬೇಗ ತಣಿಸುವ ತಾಮ್ರದ ಸುರುಳಿ ಇವೆಲ್ಲವನ್ನೂ ಬದಿಗಿಟ್ಟರೂ, ಹುದುಗೆಬ್ಬಿಸುವ ಕಲೆಯ ತಿರುಳು, ಸಿಹಿ ಶುಂಠಿ ರಸದಿಂದ ಮಾಡುವ ಶುಂಠಿ ಬಿಯರಿನಲ್ಲಿಯೂ ಸಿಹಿ ಚಹಾವನ್ನು ಹುಳಿಯಾಗಿಸಿ ಮಾಡುವ ಕೊಂಬುಚಾದಲ್ಲಿಯೂ ಹಾಗೆಯೇ ಉಳಿಯುತ್ತದೆ. ಇವೆರಡರಲ್ಲಿಯೂ ಯೀಸ್ಟು ಸಕ್ಕರೆಯನ್ನು ತಿಂದು ಗ್ಯಾಸನ್ನೂ ಅಲ್ಪಸ್ವಲ್ಪ ಮದ್ಯಸಾರವನ್ನೂ ಬಿಡುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳು ಮದ್ಯಸಾರ ಶೇ 0.5ಕ್ಕಿಂತ ಹೆಚ್ಚಿರುವ ಪಾನೀಯವನ್ನು ಮದ್ಯವೆಂದು ಪರಿಗಣಿಸುತ್ತವೆ. ಅದು ಆಹಾರದ ಮಾನದಂಡವೇ ಹೊರತು ಅಬಕಾರಿ ಇಲಾಖೆಯದ್ದಲ್ಲ. ಆದರೂ ಮನೆಯಲ್ಲಿ ತಯಾರಿಸುವವರು ತಮಗೆ ತಾವೇ ಹಾಕಿಕೊಳ್ಳಬಹುದಾದ ಗೆರೆ ಅದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಈ ಬರಹದಲ್ಲಿ ಹೋಲಿಸಿರುವ ಆಯ್ಕೆಗಳೆಲ್ಲವೂ ಆ ಗೆರೆಯ ಒಳಗೆ ಉಳಿಯಬೇಕೆಂಬ ಲೆಕ್ಕಾಚಾರದವು.

ಗ್ಯಾಸು ಮತ್ತು ಮದ್ಯಸಾರದ ಲೆಕ್ಕ

ಲೆಕ್ಕ ಸರಳವಾಗಿದೆ, ಆದರೆ ಇದನ್ನು ತಿಳಿಯದೆ ಬಾಟಲಿ ತುಂಬಿಸಲು ಹೊರಡುವವರೇ ಹೆಚ್ಚು. ಒಂದು ಲೀಟರ್ ಪಾನೀಯದಲ್ಲಿ ಯೀಸ್ಟು 4 ಗ್ರಾಂ ಸಕ್ಕರೆಯನ್ನು ತಿಂದರೆ ಸುಮಾರು 2 ಗ್ರಾಂ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅಂದರೆ ಪಾನೀಯದ ಗಾತ್ರದಷ್ಟೇ ಗಾತ್ರದ ಗ್ಯಾಸು. ನಾಲಿಗೆಗೆ ಚುರುಕು ಎನಿಸಲು ಇದರ ಎರಡರಷ್ಟು ಗ್ಯಾಸು ಬೇಕು, ಅಂದರೆ ಲೀಟರಿಗೆ ಸುಮಾರು 8 ಗ್ರಾಂ ಸಕ್ಕರೆಯನ್ನು ಯೀಸ್ಟು ತಿನ್ನಬೇಕು. ಅಷ್ಟು ಸಕ್ಕರೆಯಿಂದ ಹುಟ್ಟುವ ಮದ್ಯಸಾರ ಹೆಚ್ಚುಕಡಿಮೆ ಶೇ 0.5. ಹೀಗೆ ಒಳ್ಳೆಯ ನೊರೆ ಬರುವ ಹೊತ್ತಿಗೆ ನಾವು ಗೆರೆಯ ಅಂಚಿನಲ್ಲಿಯೇ ನಿಂತಿರುತ್ತೇವೆ. ಲೀಟರಿಗೆ 80 ಗ್ರಾಂ ಸಕ್ಕರೆ ಹಾಕಿದ ಪಾನೀಯದಲ್ಲಿ ಇನ್ನೂ ಎಪ್ಪತ್ತು ಗ್ರಾಂ ಉಳಿದಿರುತ್ತದೆ. ಅದನ್ನೂ ತಿನ್ನಲು ಬಿಟ್ಟರೆ ಒಂದೆಡೆ ಅದು ನಿಜವಾದ ಬಿಯರಿನಷ್ಟು ಮದ್ಯಸಾರಕ್ಕೆ ಏರುತ್ತದೆ, ಇನ್ನೊಂದೆಡೆ ಯಾವ ಗಾಜೂ ತಡೆಯಲಾರದಷ್ಟು ಒತ್ತಡ ಬಾಟಲಿಯೊಳಗೆ ಕೂಡುತ್ತದೆ.

ಆದ್ದರಿಂದ ಯಾವ ಹೆಪ್ಪು, ಯಾವ ಪಾತ್ರೆ ಎಂಬ ಪ್ರಶ್ನೆಗಳಿಗಿಂತ ಮುಂಚೆ ಕೇಳಬೇಕಾದದ್ದು, ಹುದುಗನ್ನು ಬೇಕಾದ ಕಡೆ ನಿಲ್ಲಿಸಲು ನಮ್ಮ ಮನೆಯಲ್ಲಿ ಏನಿದೆ ಎಂಬುದು. ಪಟ್ಟಣದವರ ಉತ್ತರ ಫ್ರಿಜ್ಜು. ಮಲೆನಾಡಿನ ಒಳಭಾಗದ ಒಂಟಿಮನೆಗಳಲ್ಲಿ, ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ತಂತಿ ಹರಿದು, ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸ ಸಂಗತಿಯಲ್ಲ. ಮನೆಯ ಇನ್ವರ್ಟರು ದೀಪ ಮತ್ತು ಫ್ಯಾನನ್ನು ಸಲಹುತ್ತದೆಯೇ ಹೊರತು ಸಾಮಾನ್ಯವಾಗಿ ಫ್ರಿಜ್ಜನ್ನಲ್ಲ. ಹಾಗೆ ಬೆಚ್ಚಗಾದ ಫ್ರಿಜ್ಜಿನೊಳಗೆ ಮಲಗಿದ್ದ ಯೀಸ್ಟು ಮತ್ತೆ ಎದ್ದು ಕೆಲಸ ಮಾಡುತ್ತದೆ. ಬಾವಿಯ ನೀರಿನಲ್ಲಿ ಇಳಿಬಿಟ್ಟರಾಯಿತು ಎನ್ನುವವರಿದ್ದಾರೆ. ಬಾವಿಯ ತಂಪು ಹುದುಗನ್ನು ನಿಧಾನ ಮಾಡೀತು, ನಿಲ್ಲಿಸಲಾರದು. ನನ್ನ ತೀರ್ಮಾನದ ಬಹುಪಾಲು ಈ ಒಂದು ಸಂಗತಿಯ ಮೇಲೆ ನಿಂತಿದೆ.

ಯಾವ ಪಾನೀಯ, ಯಾವ ಹೆಪ್ಪು

ಶುಂಠಿ ಬಿಯರನ್ನು ಮೂರು ಬಗೆಯ ಹೆಪ್ಪಿನಿಂದ ಮಾಡಬಹುದು. ಮೊದಲನೆಯದು ಮನೆಯಲ್ಲಿಯೇ ಎಬ್ಬಿಸುವ ಶುಂಠಿ ಹೆಪ್ಪು. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದೊಂದು ದೊಡ್ಡ ಚಮಚ ತುರಿದ ಹಸಿ ಶುಂಠಿಯನ್ನೂ ಸಕ್ಕರೆಯನ್ನೂ ಹಾಕಿ, ಬಟ್ಟೆ ಕಟ್ಟಿ, ದಿನವೂ ಅಷ್ಟಷ್ಟನ್ನೇ ಸೇರಿಸುತ್ತಾ ಬಂದರೆ ಐದರಿಂದ ಏಳು ದಿನಗಳಲ್ಲಿ ಅದು ಜೀವ ತಳೆಯುತ್ತದೆ. ಶುಂಠಿಯ ಸಿಪ್ಪೆಯ ಮೇಲಿರುವ ಕಾಡು ಯೀಸ್ಟು ಮತ್ತು ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳೇ ಇಲ್ಲಿ ಕೆಲಸಗಾರರು, ಆದ್ದರಿಂದ ಸಿಪ್ಪೆ ತೆಗೆಯಬಾರದು. ಸಿದ್ಧವಾದ ಹೆಪ್ಪನ್ನು ಚಮಚದಿಂದ ಕಲಕಿದರೆ ಮೇಲ್ಮೈಗೆ ಸಾಸಿವೆ ಗಾತ್ರದ ಗುಳ್ಳೆಗಳು ಒಟ್ಟಾಗಿ ಏರಿ ಬರುತ್ತವೆ, ಕಿವಿ ಹತ್ತಿರ ತಂದರೆ ಸಣ್ಣಗೆ ಚುರುಗುಡುವ ಸದ್ದು ಕೇಳುತ್ತದೆ, ತುರಿಯೆಲ್ಲ ಮೇಲೆ ತೇಲಿ ಕೆಳಗೆ ಬಿಳಿಯ ಗಸಿ ಕೂತಿರುತ್ತದೆ, ವಾಸನೆಯಲ್ಲಿ ಶುಂಠಿಯ ಘಾಟಿನ ಹಿಂದೆ ತಿಳಿಯಾದ ಹುಳಿ ಇರುತ್ತದೆ. ಎಂಟು ದಿನವಾದರೂ ಇದಾವುದೂ ಕಾಣದಿದ್ದರೆ ಅಂಥ ಶುಂಠಿಯನ್ನು ಚೆಲ್ಲಿ ಬೇರೆ ಶುಂಠಿಯಿಂದ ಆರಂಭಿಸಬೇಕು.

ಶುಂಠಿ ಬೆಳೆಯುವ ಸೀಮೆಯಲ್ಲಿದ್ದೂ ಶುಂಠಿಯನ್ನು ಆರಿಸಿಕೊಳ್ಳಬೇಕೇ ಎಂದು ಅನ್ನಿಸಬಹುದು. ಸೊರಬ, ಸಾಗರ, ಶಿಕಾರಿಪುರದ ಗದ್ದೆಗಳಲ್ಲಿ ಬರುವ ಶುಂಠಿಗೆ ಕೊಳೆರೋಗದ ಭಯದಿಂದ ಬೀಜೋಪಚಾರದಿಂದ ಹಿಡಿದು ಕೀಳುವವರೆಗೂ ಶಿಲೀಂಧ್ರನಾಶಕಗಳು ಬೀಳುತ್ತವೆ ಎಂಬುದು ಬೆಳೆಗಾರರಿಗೆ ಗೊತ್ತಿರುವ ಮಾತು, ಮತ್ತು ಯೀಸ್ಟು ಕೂಡ ಒಂದು ಶಿಲೀಂಧ್ರವೇ. ಹಿತ್ತಲಿನಲ್ಲಿ ಗೊಬ್ಬರ ಹಾಕಿ ಬೆಳೆಸಿದ ನಾಲ್ಕು ಗೆಡ್ಡೆ ಇದ್ದರೆ ಹೆಪ್ಪಿಗೆ ಅದನ್ನೇ ಬಳಸಿ, ರಸಕ್ಕೆ ಮಾತ್ರ ಸಂತೆಯ ಶುಂಠಿಯನ್ನು ತರುವುದು ಜಾಣತನ. ರಸಕ್ಕೆ ರಿಗೋಡಿ ತಳಿ ಹೊಂದುತ್ತದೆ. ಅದರಲ್ಲಿ ನೀರು ಹೆಚ್ಚು, ನಾರು ಕಡಿಮೆ. ಒಣಶುಂಠಿಯನ್ನು ಅರ್ಧ ಚಮಚ ಸೇರಿಸಿದರೆ ಖಾರ ಏರುತ್ತದೆ, ಏಕೆಂದರೆ ಒಣಗುವಾಗ ಜಿಂಜರಾಲ್ ಎಂಬ ಅಂಶ ಅದಕ್ಕಿಂತ ಖಾರವಾದ ಶೋಗೋಲ್ ಆಗಿ ಮಾರ್ಪಡುತ್ತದೆ. ಆದರೆ ಒಣಶುಂಠಿಯಿಂದ ಹೆಪ್ಪು ಎಬ್ಬಿಸಲು ಹೋಗಬಾರದು.

ಎರಡನೆಯ ಆಯ್ಕೆ ಇಂಗ್ಲೆಂಡಿನ ಹಳೆಯ ಪದ್ಧತಿಯಾದ ಶುಂಠಿ ಬಿಯರ್ ಗಿಡ. ಇದು ಗಿಡವಲ್ಲ, ನೆನೆಸಿದ ಸಬ್ಬಕ್ಕಿಯಂತೆ ಕಾಣುವ ಅರೆಪಾರದರ್ಶಕ ಹರಳುಗಳ ರಾಶಿ. ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಸಸ್ಯವಿಜ್ಞಾನಿ 1892ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಹರಳು ಒಂದು ಯೀಸ್ಟು ಮತ್ತು ಒಂದು ಬ್ಯಾಕ್ಟೀರಿಯಾ ಕೂಡಿ ಬಾಳುವ ಮನೆ ಎಂದು ತೋರಿಸಿಕೊಟ್ಟರು. ಕಾಫಿ ಬೆಳೆಯುವ ನಮ್ಮ ಜಿಲ್ಲೆಗಳವರಿಗೆ ಆ ಹೆಸರು ಇನ್ನೊಂದು ಕಾರಣಕ್ಕೂ ಸಲ್ಲುತ್ತದೆ: ಸಿಂಹಳದ ಕಾಫಿ ತೋಟಗಳನ್ನು ನುಂಗಿದ ಎಲೆತುಕ್ಕು ರೋಗವನ್ನು 1880ರಿಂದ ಎರಡು ವರ್ಷ ಅಲ್ಲಿಯೇ ಇದ್ದು ಅಭ್ಯಸಿಸಿದವರೂ ಅವರೇ. ಈ ಹರಳುಗಳಿಂದ ಬರುವ ರುಚಿ ಸ್ಥಿರವಾಗಿರುತ್ತದೆ, ಹುಳಿಯೂ ನೊರೆಯೂ ಹದವಾಗಿರುತ್ತವೆ. ತೊಂದರೆ ಇರುವುದು ಸಿಗುವಿಕೆಯಲ್ಲಿ. ಆ ಹೆಸರಿನಲ್ಲಿ ಮಾರುವುದರಲ್ಲಿ ಬರಿಯ ಬೇಕರಿ ಯೀಸ್ಟಿನ ಗಸಿಯೂ ಸೇರಿರುತ್ತದೆ, ಮತ್ತು ಅಂಚೆಯಲ್ಲಿ ಬರುವಾಗ ಬಿಸಿಲಿಗೆ ಸತ್ತುಹೋದರೆ ಕೊಟ್ಟ ಹಣ ಹೋದಂತೆಯೇ. ಹೊಸಬರಿಗೆ ನಾನು ಇದನ್ನು ಹೇಳುವುದಿಲ್ಲ.

ಮೂರನೆಯದು ಪೊಟ್ಟಣದ ಯೀಸ್ಟು. ಬ್ರೆಡ್ಡಿಗೆ ಬಳಸುವ ಒಣ ಯೀಸ್ಟು ಯಾವ ಪೇಟೆಯಲ್ಲಿಯೂ ಸಿಗುತ್ತದೆ. ಎರಡು ಲೀಟರಿಗೆ ಒಂದು ಚಿಟಿಕೆ ಸಾಕು. ಮರುದಿನವೇ ಗ್ಯಾಸು ಬರುತ್ತದೆ. ಆದರೆ ಇದರ ವೇಗವೇ ಇದರ ಕೇಡು. ಶುಂಠಿ ಹೆಪ್ಪಿನಲ್ಲಿ ಬ್ಯಾಕ್ಟೀರಿಯಾಗಳು ಹುಳಿಯನ್ನು ತರುತ್ತವೆ. ಇಲ್ಲಿ ಆ ಹುಳಿ ಇಲ್ಲದೆ ಬ್ರೆಡ್ಡಿನ ವಾಸನೆ ಮಾತ್ರ ಉಳಿಯುತ್ತದೆ, ಮತ್ತು ಸಂಜೆ ನೋಡಿಕೊಳ್ಳೋಣ ಎಂದು ಬಿಟ್ಟ ಬಾಟಲಿ ಬೇಸಿಗೆಯಲ್ಲಿ ಸಂಜೆಯವರೆಗೆ ಕಾಯುವುದಿಲ್ಲ. ಹುದುಗು ಎಂದರೇನು ಎಂದು ಒಮ್ಮೆ ಕಣ್ಣಿಂದ ನೋಡಬೇಕೆನ್ನುವವರಿಗೆ ಇದು ಸಾಕು. ರುಚಿಗಾಗಿ ಮಾಡುವವರಿಗೆ ಶುಂಠಿ ಹೆಪ್ಪೇ ಸರಿ.

ಕೊಂಬುಚಾದ ಸ್ವಭಾವವೇ ಬೇರೆ. ಸಿಹಿ ಹಾಕಿದ ಬರಿ ಚಹಾದ ಕಷಾಯಕ್ಕೆ ಹಳೆಯ ಕೊಂಬುಚಾವನ್ನೂ ಅದರ ಮೇಲೆ ಕಟ್ಟಿದ ಕೆನೆಯಂಥ ಪೊರೆಯನ್ನೂ ಹಾಕಿ, ಬಾಯಿ ತೆರೆದ ಜಾಡಿಗೆ ಬಟ್ಟೆ ಕಟ್ಟಿ ಇಟ್ಟರೆ, ಯೀಸ್ಟು ಮಾಡಿದ ಮದ್ಯಸಾರವನ್ನು ಬ್ಯಾಕ್ಟೀರಿಯಾಗಳು ಗಾಳಿಯ ಸಹಾಯದಿಂದ ಹುಳಿಯಾಗಿ ಪರಿವರ್ತಿಸುತ್ತವೆ. ಲೀಟರಿಗೆ 60ರಿಂದ 80 ಗ್ರಾಂ ಸಕ್ಕರೆ, 5ರಿಂದ 8 ಗ್ರಾಂ ಚಹಾ ಸೊಪ್ಪು, 100ರಿಂದ 150 ಮಿಲಿಲೀಟರ್ ಹಳೆಯ ಕೊಂಬುಚಾ ಎಂಬುದು ಸಾಮಾನ್ಯ ಅಳತೆ. 24ರಿಂದ 29 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಏಳರಿಂದ ಹತ್ತು ದಿನ. ಇಲ್ಲಿ ಒತ್ತಡ ಕೂಡುವ ಪ್ರಶ್ನೆಯೇ ಇಲ್ಲ. ಕರೆಂಟು ಹೋದರೆ ಏನೂ ಆಗುವುದಿಲ್ಲ. ಮನೆಯವರು ಒಂದು ವಾರ ಮದುವೆಗೆ ಹೋಗಿ ಬಂದರೆ ಅದು ಇನ್ನಷ್ಟು ಹುಳಿಯಾಗಿರುತ್ತದೆ, ತೀರ ಹುಳಿಯಾದರೆ ವಿನೆಗರಿನಂತೆ ಅಡುಗೆಗೆ ಬಳಕೆಯಾಗುತ್ತದೆ. ಹೀಗೆ ಕ್ಷಮಿಸುವ ಗುಣ ಶುಂಠಿ ಬಿಯರಿಗೆ ಇಲ್ಲ. ಆದರೆ ಕೊಂಬುಚಾವನ್ನು ಗ್ಯಾಸು ಬರಲೆಂದು ಹಣ್ಣಿನ ರಸ ಸೇರಿಸಿ ಬಾಟಲಿಯಲ್ಲಿ ಬಿಗಿದ ಕೂಡಲೇ ಈ ಅನುಕೂಲ ಮುಗಿಯುತ್ತದೆ: ಒಳಗೆ ಗಾಳಿ ಇಲ್ಲದ್ದರಿಂದ ಮದ್ಯಸಾರ ಹುಳಿಯಾಗದೆ ಉಳಿಯುತ್ತದೆ. 2010ರಲ್ಲಿ ಅಮೆರಿಕದ ಅಂಗಡಿಗಳ ಕಪಾಟುಗಳಿಂದ ಬಾಟಲಿ ಕೊಂಬುಚಾವನ್ನು ಹಿಂದಕ್ಕೆ ತೆಗೆದುಕೊಂಡದ್ದು ಮದ್ಯಸಾರ ಶೇ 0.5ನ್ನು ದಾಟಿರಬಹುದೆಂಬ ಕಾರಣಕ್ಕೇ.

ಕೊಂಬುಚಾಕ್ಕೆ ಮಲೆನಾಡಿನಲ್ಲಿರುವ ಶತ್ರು ಬೂಷ್ಟು. ಚಪ್ಪಲಿ, ಬೆಲ್ಟು, ಹಪ್ಪಳ ಯಾವುದನ್ನೂ ಬಿಡದ ಮಳೆಗಾಲದ ತೇವ ಜಾಡಿಯ ಬಾಯಿಯನ್ನು ಬಿಟ್ಟೀತೇ? ಹೊಸ ಪೊರೆ ಕಟ್ಟುವಾಗ ಕಾಣುವ ಬಿಳಿಯ ಮಚ್ಚೆಗಳನ್ನು ಬೂಷ್ಟೆಂದು ತಿಳಿದು ಹೆದರುವವರೂ ಉಂಟು, ನಿಜವಾದ ಬೂಷ್ಟನ್ನು ಪೊರೆಯೆಂದು ತಿಳಿದು ಕುಡಿಯುವವರೂ ಉಂಟು. ಪೊರೆ ಒದ್ದೆಯಾಗಿ, ನುಣುಪಾಗಿ, ನೀರಿನ ಮಟ್ಟದಲ್ಲಿಯೇ ಇರುತ್ತದೆ. ಅದರ ಕೆಳಗೆ ನೇತಾಡುವ ಕಂದು ಎಳೆಗಳು ಯೀಸ್ಟಿನವು, ಅವುಗಳಿಂದ ಅಪಾಯವಿಲ್ಲ. ಬೂಷ್ಟು ಒಣಗಿದ್ದು, ಪೊರೆಯ ಮೇಲೆ ದುಂಡಗೆ ಎದ್ದು, ಹತ್ತಿಯಂಥ ರೋಮದೊಂದಿಗೆ ಬೂದಿ, ಹಸಿರು ಅಥವಾ ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದು ಕಂಡರೆ ಮೇಲಿನದನ್ನು ತೆಗೆದು ಉಳಿದದ್ದನ್ನು ಬಳಸುವ ಲೋಭಕ್ಕೆ ಬೀಳದೆ ಪೊರೆಯ ಸಮೇತ ಎಲ್ಲವನ್ನೂ ಚೆಲ್ಲಬೇಕು. ಬೂಷ್ಟು ಬಾರದಂತೆ ತಡೆಯುವ ಉಪಾಯ ಆರಂಭದಲ್ಲಿಯೇ ಹುಳಿಯನ್ನು ಸಾಕಷ್ಟು ಇಡುವುದು: ಹಳೆಯ ಕೊಂಬುಚಾವನ್ನು ಮಳೆಗಾಲದಲ್ಲಿ ಲೀಟರಿಗೆ 200 ಮಿಲಿಲೀಟರಿನವರೆಗೆ ಏರಿಸಿ, ಹುಳಿಯನ್ನು ಅಳೆಯುವ ಪಿಎಚ್ ಪಟ್ಟಿಯಲ್ಲಿ (ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 4.5ಕ್ಕಿಂತ ಕೆಳಗಿದೆಯೇ ಎಂದು ಮೊದಲ ದಿನವೇ ನೋಡಬೇಕು. ಪಟ್ಟಿಯನ್ನು ಕೊಳ್ಳುವಾಗ 1ರಿಂದ 14ರವರೆಗಿನದ್ದು ಬೇಡ. ಹುಳಿಯ ಭಾಗವನ್ನು ಮಾತ್ರ ಬಿಡಿಸಿ ತೋರಿಸುವ ಪಟ್ಟಿಗಳಿವೆ.

ಇಷ್ಟನ್ನು ಇಟ್ಟುಕೊಂಡು ನನ್ನ ಮತ ಹೀಗಿದೆ. ಶಿವಮೊಗ್ಗ, ಭದ್ರಾವತಿಯಂಥ ಊರಿನಲ್ಲಿ ಕರೆಂಟನ್ನು ನಂಬಬಹುದಾದ ಮನೆಯವರು ಶುಂಠಿ ಬಿಯರಿನಿಂದ ಆರಂಭಿಸಲಿ. ಆಗುಂಬೆ, ಹೊಸನಗರ, ಬಿದನೂರು ನಗರದ ಕಡೆಯ ಒಳಹಳ್ಳಿಗಳವರು ಜೂನಿನಿಂದ ಸೆಪ್ಟೆಂಬರಿನವರೆಗೆ ತೆರೆದ ಜಾಡಿಯ ಕೊಂಬುಚಾವನ್ನು ಮಾಡಿ, ಶುಂಠಿ ಬಿಯರನ್ನು ಮಳೆ ಕಳೆದ ಮೇಲೆ ಮಾಡಲಿ. ಎರಡನ್ನೂ ಒಟ್ಟಿಗೆ ಮಾಡುವವರು ಎರಡು ಜಾಡಿಗಳ ನಡುವೆ ಒಂದು ಕೋಣೆಯ ಅಂತರವನ್ನಾದರೂ ಇಡಬೇಕು, ಬಟ್ಟೆ, ಸೌಟುಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು; ಕೊಂಬುಚಾದ ಬ್ಯಾಕ್ಟೀರಿಯಾ ಶುಂಠಿ ಹೆಪ್ಪಿಗೆ ಸೇರಿದರೆ ಅದು ವಿನೆಗರಿನ ದಾರಿ ಹಿಡಿಯುತ್ತದೆ.

ಪಾತ್ರೆ

ಇದರ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಅಗಲ ಬಾಯಿಯ, ನಾಲ್ಕೈದು ಲೀಟರಿನ ಗಾಜಿನ ಜಾಡಿ ಎರಡಕ್ಕೂ ಒದಗುತ್ತದೆ, ಒಳಗಿನದು ಕಣ್ಣಿಗೆ ಕಾಣುತ್ತದೆ, ಹುಳಿಗೆ ಕರಗುವುದಿಲ್ಲ. ಅಪ್ಪೆಮಿಡಿ ಹಾಕಿದ್ದ ಹಳೆಯ ಪಿಂಗಾಣಿ ಜಾಡಿ ಮನೆಯಲ್ಲಿ ಇದ್ದೇ ಇರುತ್ತದೆ, ಆದರೆ ಎರಡು ಕಾರಣಕ್ಕೆ ಅದು ಬೇಡ: ಉಪ್ಪು, ಖಾರ, ಇಂಗಿನ ವಾಸನೆ ಅದರಿಂದ ಹೋಗುವುದಿಲ್ಲ, ಮತ್ತು ಹಳೆಯ ಜಾಡಿಗಳ ಮೆರುಗಿನಲ್ಲಿ ಸೀಸವಿದ್ದರೆ ವಾರಗಟ್ಟಲೆ ನಿಂತ ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಪಾತ್ರೆ ಶುಂಠಿ ರಸವನ್ನು ಕುದಿಸಲು ಅತ್ಯುತ್ತಮ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆಗಳನ್ನು ಹುದುಗಿನ ಹತ್ತಿರವೂ ತರಬಾರದು. ಆಹಾರಕ್ಕೆಂದು ಮಾಡಿದ ಪ್ಲಾಸ್ಟಿಕ್ ಬಕೆಟ್ಟು ಹಗುರವಾದರೂ, ಒಳಗೆ ಗೀರು ಬಿದ್ದರೆ ಅದರ ಸಂದಿಯಲ್ಲಿ ಕೂತದ್ದನ್ನು ತೊಳೆದು ತೆಗೆಯುವುದು ಆಗದ ಮಾತು.

ಬಾಟಲಿ

ಹಣವನ್ನೂ ಯೋಚನೆಯನ್ನೂ ಹಾಕಬೇಕಾದದ್ದು ಇಲ್ಲಿ. ನೋಟಕ್ಕೆ ಚೆಂದ ಎಂದು ಎಲ್ಲರೂ ಮೊದಲು ಕೊಳ್ಳುವುದು ತಂತಿಯ ಬಿಗಿತವಿರುವ, ಪಿಂಗಾಣಿ ಮುಚ್ಚಳದ ಗಾಜಿನ ಬಾಟಲಿಯನ್ನು. ಅದರಲ್ಲಿ ಎರಡು ಜಾತಿ ಇವೆ: ಒತ್ತಡ ತಡೆಯಲೆಂದೇ ದಪ್ಪಗೆ, ದುಂಡಗೆ ಮಾಡಿದವು ಒಂದು; ಎಣ್ಣೆ, ಷರಬತ್ತು ತುಂಬಿಡಲು ಮಾಡಿದ ತೆಳುಗಾಜಿನವು ಇನ್ನೊಂದು. ಚೌಕಾಕಾರದ ಬಾಟಲಿ ಯಾವುದೇ ಆಗಲಿ, ಅದು ಎರಡನೆಯ ಜಾತಿಯದು. ಒತ್ತಡವೆಲ್ಲ ಅದರ ಮೂಲೆಗಳ ಮೇಲೆ ಬೀಳುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ 650 ಮಿಲಿಲೀಟರಿನ ಕಂದು ಬಿಯರ್ ಬಾಟಲಿಗಳು ಗಟ್ಟಿಯೇನೋ ಹೌದು, ಆದರೆ ಕಾರ್ಖಾನೆಗೂ ಅಂಗಡಿಗೂ ಎಷ್ಟು ಸಲ ಓಡಾಡಿವೆ, ಎಲ್ಲಿ ಕೂದಲೆಳೆಯ ಬಿರುಕು ಬಿದ್ದಿದೆ ಎಂಬುದು ಗೊತ್ತಾಗುವುದಿಲ್ಲ, ಜೊತೆಗೆ ಮುಚ್ಚಳ ಒತ್ತುವ ಸಾಧನವೂ ಬೇಕಾಗುತ್ತದೆ. ಗೋಲಿ ಸೋಡಾದ ಬಾಟಲಿಯಲ್ಲಿ ತುಂಬಬಹುದಲ್ಲ ಎಂಬ ಆಸೆ ನಮ್ಮ ಕಡೆಯವರಿಗೆ ಬರುವುದು ಸಹಜ. ಹೈರಮ್ ಕಾಡ್ ಎಂಬ ಆಂಗ್ಲ ಎಂಜಿನಿಯರ್ ರೂಪಿಸಿದ ಆ ಬಾಟಲಿಯಲ್ಲಿ ಗೋಲಿಯನ್ನು ಬಾಯಿಗೆ ಕಚ್ಚಿಸುವುದೇ ಒಳಗಿನ ಗ್ಯಾಸು. ಯಂತ್ರದಿಂದ ಗ್ಯಾಸು ತುಂಬಿದ ಕ್ಷಣದಲ್ಲಿ ಅದು ಕಚ್ಚಿಕೊಳ್ಳುತ್ತದೆ. ಹುದುಗಿನ ಗ್ಯಾಸು ನಿಧಾನವಾಗಿ ಹುಟ್ಟುವುದರಿಂದ ಗೋಲಿ ಕೂರುವ ಮೊದಲೇ ಸೋರಿಹೋಗುತ್ತದೆ.

ಇವೆಲ್ಲಕ್ಕಿಂತ ಮಿಗಿಲಾದದ್ದು ಸೋಡಾ ಅಥವಾ ಕೋಲಾ ತುಂಬಿಬಂದ ಪ್ಲಾಸ್ಟಿಕ್ ಬಾಟಲಿ. ನೋಡಲು ಏನೂ ಚೆಂದವಿಲ್ಲ, ನೆಂಟರ ಮುಂದೆ ಇಡಲು ಸಂಕೋಚವಾಗುತ್ತದೆ, ಆದರೆ ಅದು ಗ್ಯಾಸಿಗಾಗಿಯೇ ಹುಟ್ಟಿದ್ದು. ಕುಡಿಯುವ ನೀರಿನ ತೆಳು ಬಾಟಲಿಯನ್ನು ಇದರ ಬದಲು ಬಳಸಬಾರದು. ಇದರ ದೊಡ್ಡ ಗುಣವೆಂದರೆ ಒಳಗಿನ ಒತ್ತಡ ಬೆರಳಿಗೆ ತಿಳಿಯುತ್ತದೆ. ಬಾಯಿಯ ಕೆಳಗೆ ಮೂರು ಬೆರಳಿನಷ್ಟು ಜಾಗ ಬಿಟ್ಟು ತುಂಬಿಸಿ, ಮುಚ್ಚಳ ಬಿಗಿದ ದಿನ ಹೆಬ್ಬೆರಳಿನಿಂದ ಅದುಮಿದರೆ ಬದಿ ಒಳಗೆ ಹೋಗುತ್ತದೆ, ಬಿಟ್ಟ ಮೇಲೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಮರುದಿನ ಅದೇ ಜಾಗ ಅದುಮಿದ ಕೂಡಲೇ ಪುಟಿಯುತ್ತದೆ. ಬದಿ ಅಲುಗದೆ ಕಲ್ಲಿನಂತೆ ನಿಂತು, ತಳದ ಐದು ಉಬ್ಬುಗಳ ನಡುವಿನ ತಗ್ಗು ಹೊರಕ್ಕೆ ತಳ್ಳಿಕೊಂಡು ಬಾಟಲಿ ಮೇಜಿನ ಮೇಲೆ ಓಲಾಡತೊಡಗಿದರೆ ತಡವಾಗಿದೆ ಎಂದು ಅರ್ಥ. ಪುಟಿಯುವ ಹಂತದಲ್ಲಿಯೇ ಫ್ರಿಜ್ಜಿಗೆ ಸೇರಿಸಬೇಕು, ಮೂರು ನಾಲ್ಕು ದಿನದೊಳಗೆ ಕುಡಿದು ಮುಗಿಸಬೇಕು. ಕರೆಂಟು ಹೋಗಿ ಅರ್ಧ ದಿನ ಕಳೆದರೆ ಮುಚ್ಚಳವನ್ನು ಕಾಲು ತಿರುವು ಸಡಿಲಿಸಿ, ಸುಯ್ಯೆನ್ನುವ ಸದ್ದು ನಿಂತ ಮೇಲೆ ಮತ್ತೆ ಬಿಗಿಯಬಹುದು. ಗಾಜಿನ ಬಾಟಲಿಯಲ್ಲಿ ಒತ್ತಡ ಎಷ್ಟಿದೆಯೆಂದು ತಿಳಿಯದೆ ಅದರ ಹತ್ತಿರ ಕೈ ಒಯ್ಯುವುದೇ ಅಪಾಯ. ಹೀಗೆ ಒತ್ತಡ ಬಿಡುವುದರಿಂದ ಮದ್ಯಸಾರ ಕಡಿಮೆಯಾಗುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಗಾಜೇ ಬೇಕೆನ್ನುವವರು ದಪ್ಪಗಾಜಿನ ದುಂಡು ಬಾಟಲಿಗಳ ಜೊತೆಗೆ ಅದೇ ರಸವನ್ನು ಒಂದು ಸಣ್ಣ ಪ್ಲಾಸ್ಟಿಕ್ ಬಾಟಲಿಯಲ್ಲಿಯೂ ತುಂಬಿ ಪಕ್ಕದಲ್ಲಿಟ್ಟು, ಅದು ಹೇಳಿದಂತೆ ಕೇಳಬೇಕು. ಗಾಜಿನವನ್ನು ಮುಚ್ಚಳವಿರುವ ಪೆಟ್ಟಿಗೆಯೊಳಗೆ, ಮಕ್ಕಳ ಕೈಗೆ ಎಟುಕದ ಕಡೆ ಇಡಬೇಕು.

ಹುದುಗಿನ ಗ್ಯಾಸನ್ನೇ ಬಿಟ್ಟು, ಗಟ್ಟಿಯಾದ ಶುಂಠಿ ಪಾನಕವನ್ನು ತಯಾರಿಸಿ ಅಂಗಡಿಯ ಸೋಡಾ ಬೆರೆಸುವ ದಾರಿಯೂ ಇದೆ. ಮದ್ಯಸಾರದ ಚಿಂತೆ ಇಲ್ಲ, ಒತ್ತಡದ ಚಿಂತೆ ಇಲ್ಲ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ಮದ್ಯಸಾರದ ಹನಿಯನ್ನೂ ಒಲ್ಲದ ಮನೆಗಳಿಗೆ ಇದೇ ಸರಿಯಾದ ಆಯ್ಕೆ. ಆದರೆ ಅದು ಹುದುಗು ಪಾನೀಯವಲ್ಲ, ರುಚಿಯೂ ಅಲ್ಲಿಗೇ ನಿಲ್ಲುತ್ತದೆ.

ನೀರು, ಸಿಹಿ, ಜಾಗ

ಶಿವಮೊಗ್ಗದ ನಲ್ಲಿಯಲ್ಲಿ ಬರುವ ತುಂಗೆಯ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಕುದಿಸಿ ಆರಿಸಿದರೆ ಅದು ಹೋಗುತ್ತದೆ. ಗುಡ್ಡದಿಂದ ಪೈಪಿನಲ್ಲಿ ಇಳಿಯುವ ಅಬ್ಬಿ ನೀರು ಎಷ್ಟೇ ತಿಳಿಯಾಗಿ ಕಂಡರೂ ಅದನ್ನು ಕೂಡ ಕುದಿಸಿಯೇ ಬಳಸಬೇಕು, ಮಳೆಗಾಲದಲ್ಲಂತೂ ತಪ್ಪಿಸುವಂತಿಲ್ಲ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಚಹಾದ ಒಗರಿನೊಂದಿಗೆ ಕೂಡಿ ಕೊಂಬುಚಾ ಮಸಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ಮನೆಗಳಲ್ಲಿ ಶುಂಠಿ ಬಿಯರೇ ಮೇಲು.

ಸಿಹಿಗೆ ಬಿಳಿ ಸಕ್ಕರೆ ಸಪ್ಪೆ ಆಯ್ಕೆಯಾದರೂ ಲೆಕ್ಕಕ್ಕೆ ಸಿಗುತ್ತದೆ. ಜೋನಿ ಬೆಲ್ಲದ ಪರಿಮಳ ಶುಂಠಿಗೆ ಬಹಳ ಹೊಂದುತ್ತದೆ, ಅದರಲ್ಲಿರುವ ಖನಿಜಗಳಿಂದ ಯೀಸ್ಟೂ ಚುರುಕಾಗುತ್ತದೆ. ಆದರೆ ಆಲೆಮನೆಯಿಂದ ಆಲೆಮನೆಗೆ ಅದರ ನೀರಿನಂಶ ಬೇರೆಯಾದ್ದರಿಂದ ಎಷ್ಟು ಸಕ್ಕರೆ ಹಾಕಿದಂತಾಯಿತೆಂದು ಹೇಳುವುದು ಕಷ್ಟ. ಬೆಳ್ಳಗೆ ಹೊಳೆಯುವ ಅಚ್ಚು ಬೆಲ್ಲಕ್ಕೆ ಬಣ್ಣ ತೆಗೆಯಲು ಗಂಧಕದ ರಾಸಾಯನಿಕ ಬಿದ್ದಿರುತ್ತದೆ, ಅದು ಹೆಪ್ಪನ್ನು ಮಂಕಾಗಿಸುತ್ತದೆ. ಮೊದಲ ಕೆಲವು ಸಲ ಸಕ್ಕರೆಯಲ್ಲಿ ಕೈ ಕುದುರಿದ ಮೇಲೆ ಕಾಲುಭಾಗ ಜೋನಿ ಬೆಲ್ಲಕ್ಕೆ ಬದಲಾಯಿಸುವುದು ಒಳ್ಳೆಯ ಕ್ರಮ. ಎರಡು ಲೀಟರಿಗೆ 160 ಗ್ರಾಂ ಸಕ್ಕರೆ, 60ರಿಂದ 80 ಗ್ರಾಂ ತುರಿದ ಶುಂಠಿಯನ್ನು ಹದಿನೈದು ನಿಮಿಷ ಕುದಿಸಿ, ಕೈಗೆ ಬಿಸಿ ತಾಗದಷ್ಟು ಆರಿಸಿ, ಸೋಸಿ, ಎರಡು ಲಿಂಬೆಯ ರಸವನ್ನೂ 100 ಮಿಲಿಲೀಟರ್ ಶುಂಠಿ ಹೆಪ್ಪನ್ನೂ ಸೇರಿಸುವುದು ನಾನು ಹೇಳುವ ಅಳತೆ. ಲಿಂಬೆಯ ಬದಲು ಕಂಚಿಹುಳಿಯನ್ನೋ ಒಣ ಮುರುಗಲು ಸಿಪ್ಪೆಯನ್ನೋ ಬಳಸಿದರೆ ಪೇಟೆಯಲ್ಲಿ ಸಿಗದ ರುಚಿ ಬರುತ್ತದೆ.

ಇಡುವ ಜಾಗವನ್ನು ಋತುವಿಗೆ ತಕ್ಕಂತೆ ಬದಲಿಸಬೇಕು. ದೋಸೆ ಹಿಟ್ಟು ಬೆಳಗಿಗೆ ಉಕ್ಕಿ ಪಾತ್ರೆಯಿಂದ ಚೆಲ್ಲುವ ಕಾಲದಲ್ಲಿ ಬಾಟಲಿಗೆ ಒಂದು ದಿನ ಸಾಕು. ಹಿಟ್ಟು ಮಧ್ಯಾಹ್ನದವರೆಗೂ ಏಳದ ಜನವರಿಯಲ್ಲಿ ಮೂರು ನಾಲ್ಕು ದಿನ ಬೇಕು. ಹಳೆಯ ಮಣ್ಣಿನ ಗೋಡೆಯ ಮನೆಗಳ ನಡುಮನೆ ಅಥವಾ ಉಗ್ರಾಣದಲ್ಲಿ ಹಗಲು ರಾತ್ರಿಗಳ ಅಂತರ ಕಡಿಮೆ ಇರುವುದರಿಂದ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆಗಾಲದಲ್ಲಿ ಹಂಡೆ ಒಲೆ ಉರಿಯುವ ಬಚ್ಚಲುಮನೆಯ ಹೊರಗೋಡೆಯ ಪಕ್ಕದಲ್ಲಿ ಜಾಡಿ ಇಟ್ಟರೆ ಕೊಂಬುಚಾಕ್ಕೆ ಬೇಕಾದ ಬಿಸಿ ಸಿಗುತ್ತದೆ, ಬೂಷ್ಟೂ ಅಷ್ಟಾಗಿ ಸುಳಿಯುವುದಿಲ್ಲ. ತಗಡು ಅಥವಾ ಕಾಂಕ್ರೀಟಿನ ಚಾವಣಿಯ ಮೇಲಂತಸ್ತಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾಟಲಿ ತುಂಬಿಡುವ ಸಾಹಸ ಬೇಡ.

ಅಳತೆಯ ಸಲಕರಣೆ

ಬಿಯರ್ ತಯಾರಕರು ದ್ರವದ ಸಾಂದ್ರತೆಯನ್ನು ಅಳೆಯಲು ಬಳಸುವ, ಹೈಡ್ರೋಮೀಟರ್ ಎಂಬ ತೇಲುವ ಗಾಜಿನ ಕೊಳವೆಯನ್ನು ಅಂತರ್ಜಾಲದಲ್ಲಿ ತರಿಸಬಹುದು. ಸಕ್ಕರೆ ಹೆಚ್ಚಿದ್ದರೆ ಅದು ಮೇಲಕ್ಕೆ ತೇಲುತ್ತದೆ, ಯೀಸ್ಟು ಸಕ್ಕರೆಯನ್ನು ತಿಂದಂತೆ ಮುಳುಗುತ್ತದೆ. ಹಾಲಿನ ಡೈರಿಯಲ್ಲಿರುವ ಲ್ಯಾಕ್ಟೋಮೀಟರ್ ಕೂಡ ಇದೇ ಜಾತಿಯದು. ಲೀಟರಿಗೆ 80 ಗ್ರಾಂ ಸಕ್ಕರೆಯಿರುವ ಶುಂಠಿ ರಸ ಅದರಲ್ಲಿ ಹೆಚ್ಚುಕಡಿಮೆ 30ರ ಗೆರೆಗೆ ನಿಲ್ಲುತ್ತದೆ, ಮತ್ತು ನಮಗೆ ಬೇಕಾದದ್ದು ಎರಡು ಅಳತೆಗಳ ನಡುವಿನ ವ್ಯತ್ಯಾಸ ಮಾತ್ರವಾದ್ದರಿಂದ, ಎರಡನ್ನೂ ಒಂದೇ ಉಷ್ಣಾಂಶದಲ್ಲಿ ತೆಗೆದುಕೊಂಡರೆ ಅದೇ ಸಾಕಾಗುತ್ತದೆ. 30 ಇದ್ದದ್ದು 26ಕ್ಕೆ ಇಳಿದರೆ ಮದ್ಯಸಾರ ಶೇ 0.5ರ ಹತ್ತಿರ ಬಂದಿದೆ ಎಂದು ತಿಳಿಯಬೇಕು. ಹೆಪ್ಪಿನ ಜೊತೆಗೂ ಒಂದಿಷ್ಟು ಮದ್ಯಸಾರ ಬಂದಿರುವುದರಿಂದ 27ರಲ್ಲಿಯೇ ನಿಲ್ಲಿಸುವುದು ಸುರಕ್ಷಿತ. ಅಳೆಯುವ ಮುನ್ನ ಪಾನೀಯವನ್ನು ಎರಡು ಲೋಟಗಳ ನಡುವೆ ನಾಲ್ಕಾರು ಸಲ ಎತ್ತಿ ಹೊಯ್ದು ಗ್ಯಾಸನ್ನು ಪೂರ್ತಿ ಬಿಡಿಸಬೇಕು, ಇಲ್ಲದಿದ್ದರೆ ಗುಳ್ಳೆಗಳು ಗಾಜಿಗೆ ಅಂಟಿಕೊಂಡು ಅದನ್ನು ಎತ್ತಿ ಹಿಡಿಯುತ್ತವೆ ಮತ್ತು ಮದ್ಯಸಾರ ಇರುವುದಕ್ಕಿಂತ ಕಡಿಮೆ ಎಂಬ ಭ್ರಮೆ ಹುಟ್ಟುತ್ತದೆ. ಬೆಲ್ಲ ಹಾಕಿದಾಗಲಂತೂ ಈ ಅಳತೆ ಇಲ್ಲದೆ ಮುಂದುವರಿಯಬಾರದು.

ಗಾಳಿ ಹೊರಬಿಡುವ ಏರ್‌ಲಾಕ್, ಪೈಪು, ನಲ್ಲಿ ಇರುವ ಜಾಡಿ, ಬಿಸಿ ಕಾಯ್ದುಕೊಳ್ಳುವ ವಿದ್ಯುತ್ ಪಟ್ಟಿ ಮುಂತಾದವುಗಳ ಅಗತ್ಯ ಮೊದಲ ವರ್ಷಕ್ಕೆ ಇಲ್ಲ. ಪಾತ್ರೆಗಳನ್ನು ಸೋಪಿನಿಂದ ತೊಳೆದು, ಸೋಪಿನ ಅಂಶ ಉಳಿಯದಂತೆ ಜಾಲಾಡಿ, ಗಾಜನ್ನು ಬಿಸಿಲಿನಲ್ಲಿ ಒಣಗಿಸಿ ಬಿಸಿನೀರಿನಲ್ಲಿ ಜಾಲಿಸಿದರೆ ಸಾಕು; ಪ್ಲಾಸ್ಟಿಕ್ ಬಾಟಲಿಗೆ ಕುದಿಯುವ ನೀರು ಹಾಕಿದರೆ ಸೊಟ್ಟಗಾಗುತ್ತದೆ, ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಐದಾರು ಸಲ ಬಳಸಿದ ಮೇಲೆ ಬದಲಿಸಬೇಕು.

ಹೊಸಬರು ಆರಂಭಿಸಲು ಡಿಸೆಂಬರ್, ಜನವರಿ ಒಳ್ಳೆಯ ತಿಂಗಳು. ಗದ್ದೆಗಳಲ್ಲಿ ಶುಂಠಿ ಕೀಳುವ ಕೆಲಸ ನಡೆದಿರುತ್ತದೆ, ಆಲೆಮನೆಗಳು ಹೊಸ ಬೆಲ್ಲ ತೆಗೆಯುತ್ತಿರುತ್ತವೆ, ಚಳಿಗೆ ಹುದುಗು ನಿಧಾನವಾಗಿ ಏಳುವುದರಿಂದ ಬಾಟಲಿಯನ್ನು ದಿನಕ್ಕೆರಡು ಸಲ ಅದುಮಿ ನೋಡಿ ಅದರ ಮಾತನ್ನು ಕಲಿಯಲು ಬಿಡುವಿರುತ್ತದೆ. ಜೂನಿನಲ್ಲಿ ಶುಂಠಿ ಬಿಯರ್ ನಿಲ್ಲಿಸುವವರು ಹೆಪ್ಪನ್ನು ಎಸೆಯಬೇಕಾಗಿಲ್ಲ. ಸಣ್ಣ ಜಾಡಿಗೆ ಹಾಕಿ, ಮುಚ್ಚಳವನ್ನು ಸಡಿಲವಾಗಿಟ್ಟು, ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟರೆ ವಾರಕ್ಕೊಮ್ಮೆ ಒಂದೊಂದು ಚಮಚ ಶುಂಠಿ, ಸಕ್ಕರೆ ಕೊಟ್ಟುಕೊಂಡು ದಸರೆಯವರೆಗೆ ಅದನ್ನು ಉಳಿಸಿಕೊಳ್ಳಬಹುದು.